ಸ್ತನದ ಅರ್ಬುದರೋಗ: ಶಸ್ತ್ರಚಿಕಿತ್ಸೆಯ ತರುವಾಯ ಕಿರಣಚಿಕಿತ್ಸೆಯೇಕೆ?

ಸಾಲ, ಬೆಂಕಿ, ಹಗೆ, ರೋಗ ಇವುಗಳಲ್ಲಿ ಶೇಷವನ್ನು ಉಳಿಸಬಾರದೆಂದು ನಮ್ಮಲ್ಲಿ ಹಿರಿಯರು ಹೇಳುವುದುಂಟು. ಸ್ವಲ್ಪವೇ ಉಳಿದರೂ ಅವು ಮತ್ತೆ ಬೆಳೆಯುತ್ತವೆಂಬುದು ಆ ಮಾತಿನ ತಾತ್ಪರ್ಯ. ಈ ಹೊತ್ತು ನಾನು ಹೇಳಬೇಕೆಂದಿರುವ ವಿಷಯ ಬಹುಮಟ್ಟಿಗೆ ಈ ಒಂದು ಮಾತಿನ ವಿವರಣೆಯೇ ಆಗಿದೆ.

ಒಬ್ಬ ಗೃಹಿಣಿಯ ಸ್ತನದಲ್ಲಿ ಗಂಟು ಕಾಣಿಸಿಕೊಂಡು, ಅದು ಅರ್ಬುದವೆಂದು, ಎಂದರೆ ಕ್ಯಾನ್ಸರ್ ಎಂದು ನಿಶ್ಚಯವಾಗಿ, ಶಸ್ತ್ರಚಿಕಿತ್ಸೆ ನಡೆದಿದೆಯೆಂದು ಭಾವಿಸೋಣ. ಗಂಟು ಪೂರ್ತಿ ಹೊರಬಂದಿತೆಂದು ವೈದ್ಯರು ಹೇಳಿದ್ದಾರೆ. ಹೊಲಿಗೆ ಬಿಚ್ಚಿ ಗಾಯ ಮಾಯ್ದಿದೆ. ಆಕೆ ಮನೆಗೆ ಬಂದು, ಅಡಿಗೆಮನೆಗೆ ಮೆಲ್ಲನೆ ಕಾಲಿಟ್ಟು, ಮಕ್ಕಳ ಮುಖವನ್ನು ನೋಡಿ ಸಮಾಧಾನ ತಾಳಿದ್ದಾಳೆ. ಅಷ್ಟರಲ್ಲಿ ಅದೇ ವೈದ್ಯರು, ಇನ್ನು ಕೆಲವು ವಾರ ಕಿರಣಚಿಕಿತ್ಸೆಗೆ ಬರತಕ್ಕದ್ದೆಂದು ಚೀಟಿ ಬರೆದುಕೊಡುತ್ತಾರೆ. ಆಗ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಗಂಟು ಹೋಯಿತೆಂದ ಮೇಲೆ, ಗುಣವಾದವಳಿಗೆ ಮತ್ತೇಕೆ ಚಿಕಿತ್ಸೆ? ನೆಂಟರು ಬಂದವರು ‘ಕರೆಂಟು ಕೊಡುತ್ತಾರಂತೆ, ಮೈ ಸುಟ್ಟುಹೋಗುತ್ತದಂತೆ’ ಎಂದು ಹೆದರಿಕೆಯನ್ನೂ ಕೂಡಿಸುತ್ತಾರೆ. ಇದರಿಂದ ಕೆಲವರು ಚಿಕಿತ್ಸೆಗೆ ಹೋಗುವುದೇ ಇಲ್ಲ. ಕೆಲವರು ಅರ್ಧಕ್ಕೆ ಬಿಟ್ಟುಬಿಡುತ್ತಾರೆ.

ಆ ಪ್ರಶ್ನೆಯನ್ನು ಅಜ್ಞಾನದ ಪ್ರಶ್ನೆಯೆಂದು ತಳ್ಳಿಬಿಡಲಾಗದು. ಜಗತ್ತಿನ ದೊಡ್ಡ ದೊಡ್ಡ ಶಸ್ತ್ರವೈದ್ಯರು ಅದನ್ನೇ ಬಹುಕಾಲ ಕೇಳುತ್ತಿದ್ದರು. ಅದಕ್ಕೆ ತಕ್ಕ ಉತ್ತರ ದೊರೆತದ್ದು ಸಾವಿರಾರು ಸ್ತ್ರೀಯರನ್ನು ಹತ್ತಾರು ವರ್ಷ ಹಿಂಬಾಲಿಸಿ ಲೆಕ್ಕವಿಟ್ಟ ಮೇಲೆಯೇ. ನಾನು ವೈದ್ಯನಲ್ಲ, ಭೌತಶಾಸ್ತ್ರವನ್ನು ಪಾಠ ಹೇಳತಕ್ಕವನು. ಆದಕಾರಣ ಯಾರು ಏನು ಮಾಡಬೇಕೆಂದು ವಿಧಿಸುವುದು ನನ್ನ ಕೆಲಸವಲ್ಲ. ಈ ಕಿರಣವೆಂದರೇನು, ಅದು ಮಾಡುವ ಉಪಕಾರವೆಷ್ಟು, ಅಪಕಾರವೆಷ್ಟು, ಅದು ಯಾರಿಗೆ ಬೇಕು ಯಾರಿಗೆ ಬೇಡ ಎಂಬಿಷ್ಟನ್ನು ತಿಳಿಸಲು ಯತ್ನಿಸುತ್ತೇನೆ.

ಮೊದಲು ಶಸ್ತ್ರದ ಕಥೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್ಸ್ಟೆಡ್ ಎಂಬ ಪ್ರಖ್ಯಾತ ಶಸ್ತ್ರವೈದ್ಯನಿದ್ದನು. ಈ ರೋಗವು ಒಂದು ಕೇಂದ್ರದಿಂದ ಹೊರಟು ಸುತ್ತಲೂ ಹಬ್ಬುತ್ತ ಹೋಗುತ್ತದೆ, ಆದುದರಿಂದ ಎಷ್ಟು ಅಗಲವಾಗಿ ಕತ್ತರಿಸಿದರೆ ಅಷ್ಟು ಕ್ಷೇಮ ಎಂಬುದು ಅವನ ಮತ. ಸ್ತನವನ್ನೂ, ಅದರ ಕೆಳಗಿನ ಎದೆಯ ಸ್ನಾಯುಗಳನ್ನೂ, ಕಂಕುಳಿನ ದುಗ್ಧಗ್ರಂಥಿಗಳನ್ನೂ ಒಟ್ಟಾಗಿ ತೆಗೆದುಹಾಕುವ ಕ್ರಮವನ್ನು ಅವನು ರೂಢಿಗೆ ತಂದು, ೧೮೯೪ರಲ್ಲಿ ೫೦ ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಮುಂದೆ ಸುಮಾರು ಮುಕ್ಕಾಲು ಶತಮಾನ ಅದೇ ಎಲ್ಲೆಡೆಯೂ ಶಾಸ್ತ್ರವಾಯಿತು. ಬದುಕಿ ಉಳಿದ ಸ್ತ್ರೀಯರ ಎದೆ ಬರಿ ಎಲುಬಿನ ಗೂಡಿನಂತಾಗಿ, ತೋಳು ಬಾತು, ಕೈಯೆತ್ತಲು ಕಷ್ಟವಾಗುತ್ತಿದ್ದುದುಂಟು. ಇಷ್ಟಾದರೂ ಹಲವರಲ್ಲಿ ರೋಗ ಮತ್ತೆ ತಲೆದೋರುತ್ತಿದ್ದಿತು.

ಹಾಗಾಗುವುದೇಕೆಂಬುದನ್ನು ಬೇಸಾಯ ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಹೊಲದಲ್ಲಿ ಜೇಕು ಹುಟ್ಟಿದರೆ ಮೇಲಿನ ಹುಲ್ಲನ್ನು ಕಿತ್ತುಹಾಕಬಹುದು. ಮಣ್ಣಿನೊಳಗೆ ಉಳಿದ ಸಣ್ಣ ಗಡ್ಡೆಗಳು ಮುಂದಿನ ಮಳೆಗೆ ಮತ್ತೆ ಚಿಗುರುತ್ತವೆ. ಕಡಲೆಕಾಳಿನಷ್ಟಿರುವ ಒಂದು ಗಂಟಿನಲ್ಲಿ ಕೋಟ್ಯಂತರ ಜೀವಕೋಶಗಳಿರುತ್ತವೆ. ಅವುಗಳಲ್ಲಿ ಕೆಲವು ಗಂಟಿನ ಅಂಚನ್ನು ದಾಟಿ ನೆರೆಯ ಮಾಂಸದಲ್ಲಿಯೋ, ಚರ್ಮದ ಅಡಿಯಲ್ಲಿಯೋ, ಕಂಕುಳಿನ ಗ್ರಂಥಿಯಲ್ಲಿಯೋ ಸೇರಿಕೊಂಡಿದ್ದರೆ ಅವು ಶಸ್ತ್ರವೈದ್ಯನ ಕಣ್ಣಿಗೆ ಬೀಳುವುದಿಲ್ಲ, ಬೆರಳಿಗೂ ಸಿಕ್ಕುವುದಿಲ್ಲ. ವೈದ್ಯರು ‘ಪೂರ್ತಿ ತೆಗೆದಿದ್ದೇವೆ’ ಎನ್ನುವುದು ಸುಳ್ಳಲ್ಲ. ಕಂಡದ್ದನ್ನು ಪೂರ್ತಿ ತೆಗೆದಿದ್ದಾರೆ. ಕಾಣದ ಶೇಷದ ಮಾತೇ ಬೇರೆ. ಕಿರಣಚಿಕಿತ್ಸೆ ಇರುವುದು ಆ ಶೇಷಕ್ಕಾಗಿ.

ಇನ್ನು ಕಿರಣದ ಕಥೆ. ೧೮೯೫ರ ನವೆಂಬರ್ ತಿಂಗಳಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ನಗರದ ಪ್ರೊಫೆಸರ್ ರಾಂಟ್ಜೆನ್ನನು ಎಕ್ಸ್ ಕಿರಣಗಳನ್ನು ಕಂಡುಹಿಡಿದನು. ೧೮೯೮ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಕಂಡರು. ಈ ಕಿರಣಗಳು ದೇಹವನ್ನು ಹೊಕ್ಕು ಹೋಗುತ್ತವೆಂದೂ, ಬೆಳೆಯುವ ಅರ್ಬುದವನ್ನು ಕುಗ್ಗಿಸುತ್ತವೆಂದೂ ಕೆಲವೇ ವರ್ಷಗಳಲ್ಲಿ ತಿಳಿದುಬಂದಿತು. ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಜೆಫ್ರಿ ಕೇನ್ಸನು ಈ ಚರಿತ್ರೆಯಲ್ಲಿ ನೆನೆಯತಕ್ಕ ಪುರುಷ. ಅರ್ಥಶಾಸ್ತ್ರಜ್ಞನೆಂದು ನಮಗೆಲ್ಲ ತಿಳಿದಿರುವ ಕೇನ್ಸನ ತಮ್ಮನೇ ಇವನು. ಹಾಲ್ಸ್ಟೆಡ್ಡನ ಕ್ರಮದ ಕ್ರೌರ್ಯಕ್ಕೆ ಮನಸ್ಸೊಪ್ಪದೆ, ೧೯೨೦ರ ದಶಕದಲ್ಲಿ ಇವನು ರೇಡಿಯಂ ತುಂಬಿದ ಸೂಜಿಗಳನ್ನು ಸ್ತನದಲ್ಲಿಯೂ ಅದರ ಸುತ್ತಲೂ ಚುಚ್ಚಿ ಕೆಲವು ದಿನ ಇರಿಸುವ ಪದ್ಧತಿಯನ್ನು ಪ್ರಯೋಗಿಸಿದನು. ಗಂಟನ್ನು ಮಾತ್ರ ತೆಗೆದು ಕಿರಣವನ್ನು ಪ್ರಯೋಗಿಸಿದರೆ ಫಲ ದೊಡ್ಡ ಶಸ್ತ್ರಕ್ರಿಯೆಗೆ ಸಮಾನವಾಗಿರುವಂತೆ ಕಾಣುತ್ತದೆಂದು ೧೯೩೭ರಲ್ಲಿ ಬರೆದನು. ಬಹುಮಂದಿ ಅದಕ್ಕೆ ಕಿವಿಗೊಡಲಿಲ್ಲ. ಅವನ ಬಳಿ ರೋಗಿಗಳ ವೃತ್ತಾಂತವಿದ್ದಿತೇ ಹೊರತು, ಎರಡು ಕ್ರಮಗಳನ್ನು ಸರಿಯಾಗಿ ತೂಗಿ ನೋಡಿದ ಲೆಕ್ಕವಿರಲಿಲ್ಲ.

ಕಿರಣವು ಕೆಲಸ ಮಾಡುವ ರೀತಿಯನ್ನು ಇಲ್ಲಿ ಸ್ವಲ್ಪ ನೋಡಬೇಕು. ಏಕೆಂದರೆ ಜನರ ಹೆದರಿಕೆಯ ಬೇರು ಇಲ್ಲಿದೆ. ಇದು ‘ಕರೆಂಟ’ಲ್ಲ. ವಿದ್ಯುತ್ತು ಯಂತ್ರವನ್ನು ನಡೆಸುತ್ತದೆಯೇ ಹೊರತು ರೋಗಿಯ ಮೈಗೆ ತಾಕುವುದಿಲ್ಲ. ಇದು ಸುಡುವುದೂ ಅಲ್ಲ. ಕಿರಣದ ಪ್ರಮಾಣವನ್ನು ‘ಗ್ರೇ’ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕಿಲೋಗ್ರಾಂ ದೇಹವಸ್ತುವಿನಲ್ಲಿ ಒಂದು ಜೂಲ್ ಶಕ್ತಿ ಸೇರಿದರೆ ಅದು ಒಂದು ಗ್ರೇ. ಸ್ತನಕ್ಕೆ ಬಹುಕಾಲ ಕೊಡುತ್ತಿದ್ದ ಒಟ್ಟು ಪ್ರಮಾಣ ೫೦ ಗ್ರೇ. ಇಷ್ಟನ್ನೂ ಒಂದೇ ಸಲಕ್ಕೆ ಕೊಟ್ಟರೂ ಅದರ ಶಾಖವು ಆ ಭಾಗದ ಉಷ್ಣತೆಯನ್ನು ಒಂದು ಡಿಗ್ರಿಯ ಎಂಬತ್ತನೆಯ ಒಂದು ಪಾಲಿನಷ್ಟು ಏರಿಸೀತು, ಅಷ್ಟೇ. ಬೆಳಗಿನ ಬಿಸಿ ಕಾಫಿಯ ಒಂದು ಗುಟುಕಿನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಶಾಖವುಂಟು.

ಹಾಗಾದರೆ ಇಷ್ಟು ಅಲ್ಪ ಶಕ್ತಿ ಜೀವಕೋಶವನ್ನು ಕೊಲ್ಲುವುದು ಹೇಗೆ? ಅದು ತಾಕುವ ಸ್ಥಳದ ಮಹಿಮೆಯಿಂದ. ಪ್ರತಿಯೊಂದು ಜೀವಕೋಶದ ನಡುವೆಯೂ ಡಿ.ಎನ್.ಎ. ಎಂಬ ಎಳೆಯಿದೆ; ಕೋಶವು ಎರಡಾಗುವುದು ಅದರಲ್ಲಿರುವ ಆದೇಶದಂತೆ. ಕಿರಣವು ಅಲ್ಲಿನ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಬ್ಬಿಸುತ್ತದೆ. ಆ ಎಲೆಕ್ಟ್ರಾನುಗಳು ಎಳೆಯನ್ನು ತುಂಡರಿಸುತ್ತವೆ. ಆರೋಗ್ಯವಂತ ಕೋಶವು ಇಂತಹ ತುಂಡನ್ನು ಕೆಲವು ಗಂಟೆಗಳಲ್ಲಿ ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಲ್ಲುದು. ಅರ್ಬುದದ ಕೋಶಕ್ಕೆ ದುರಸ್ತಿಯ ಈ ಚಾತುರ್ಯ ಸಾಮಾನ್ಯವಾಗಿ ಕಡಿಮೆ. ಅದು ಮುರಿದ ಎಳೆಯೊಡನೆಯೇ ವಿಭಾಗವಾಗಲು ಹೋಗಿ ನಾಶವಾಗುತ್ತದೆ. ಪ್ರತಿದಿನವೂ ಸ್ವಲ್ಪ ಸ್ವಲ್ಪವಾಗಿ ಕಿರಣವನ್ನು ಕೊಡುವುದರ ರಹಸ್ಯ ಇದೇ. ಒಂದು ದಿನಕ್ಕೂ ಮರುದಿನಕ್ಕೂ ನಡುವೆ ಒಳ್ಳೆಯ ಕೋಶಗಳು ಚೇತರಿಸಿಕೊಳ್ಳುತ್ತವೆ. ಕೆಟ್ಟವು ದಿನದಿಂದ ದಿನಕ್ಕೆ ಕ್ಷೀಣಿಸುತ್ತವೆ. ಅರ್ಧಕ್ಕೆ ನಿಲ್ಲಿಸಿದವರು ಕಷ್ಟವನ್ನು ಅನುಭವಿಸಿ ಫಲವನ್ನು ಕೈಬಿಟ್ಟಂತೆ ಆಗುವುದು ಇದರಿಂದಲೇ.

ಚಿಕಿತ್ಸೆಯ ಅನುಭವವಾದರೋ ಸರಳ. ರೋಗಿ ಮೇಜಿನ ಮೇಲೆ ತೋಳನ್ನು ತಲೆಯ ಮೇಲಕ್ಕೆ ಚಾಚಿ ಮಲಗುತ್ತಾಳೆ. ಯಂತ್ರವು ಕಿರಣವನ್ನು ಎರಡು ಪಕ್ಕಗಳಿಂದ, ಎದೆಯನ್ನು ಓರೆಯಾಗಿ ಸವರಿಕೊಂಡು ಹೋಗುವಂತೆ ಬಿಡುತ್ತದೆ. ಒಳಗಿನ ಪುಪ್ಪುಸಕ್ಕೆ ಆದಷ್ಟು ಕಡಿಮೆ ತಾಕಲೆಂದು ಈ ಏರ್ಪಾಡು. ಕೆಲವು ನಿಮಿಷಗಳಲ್ಲಿ ಎಲ್ಲವೂ ಮುಗಿಯುತ್ತದೆ. ಆ ಹೊತ್ತಿನಲ್ಲಿ ನೋವಿಲ್ಲ. ಹೊರಗಿನಿಂದ ಕೊಟ್ಟ ಕಿರಣವು ಮೈಯಲ್ಲಿ ಉಳಿಯುವುದಿಲ್ಲವಾದ್ದರಿಂದ ಆಕೆ ಮನೆಗೆ ಬಂದು ಮಗುವನ್ನೆತ್ತಿಕೊಂಡರೆ ಮಗುವಿಗೆ ಏನೂ ಆಗದು. ಕೆಲವು ದಿನಗಳಾದ ಮೇಲೆ ಚರ್ಮ ಬಿಸಿಲಿಗೆ ಕಂದಿದಂತೆ ಕೆಂಪಾಗಬಹುದು, ಕೆಲವರಲ್ಲಿ ಸುಲಿಯಲೂಬಹುದು, ಆಯಾಸ ತೋರಬಹುದು. ಇವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತವೆ.

ಈಗ ಮುಖ್ಯವಾದ ಮಾತಿಗೆ ಬರೋಣ. ಇದರಿಂದ ಪ್ರಯೋಜನವಿದೆಯೆಂದು ತಿಳಿದದ್ದು ಹೇಗೆ? ಒಬ್ಬ ವೈದ್ಯನು ತನಗೆ ತೋಚಿದವರಿಗೆ ಕಿರಣ ಕೊಟ್ಟು ಉಳಿದವರಿಗೆ ಬಿಟ್ಟರೆ, ಆ ಎರಡು ಗುಂಪುಗಳು ಮೊದಲೇ ಭಿನ್ನವಾಗಿರುತ್ತವೆ, ಹೋಲಿಕೆಗೆ ಬೆಲೆಯಿಲ್ಲ. ಒಪ್ಪಿದ ರೋಗಿಗಳನ್ನು ಚೀಟಿಯೆತ್ತಿದಂತೆ ಪಂಗಡಗಳಾಗಿ ಹಂಚಿದರೆ ಮಾತ್ರ, ಕೊನೆಯಲ್ಲಿ ಕಾಣುವ ಭೇದ ಚಿಕಿತ್ಸೆಯದೆಂದು ಹೇಳಬಹುದು. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ಎಂಬ ಶಸ್ತ್ರವೈದ್ಯನ ಮುಂದಾಳುತನದಲ್ಲಿ ೧೯೭೬ರಲ್ಲಿ ಇಂತಹ ಪರೀಕ್ಷೆ ಮೊದಲಾಯಿತು. ಒಂದು ಪಂಗಡಕ್ಕೆ ಸ್ತನವನ್ನೇ ತೆಗೆದರು. ಇನ್ನೊಂದಕ್ಕೆ ಗಂಟನ್ನು ಮಾತ್ರ ತೆಗೆದರು. ಮೂರನೆಯದಕ್ಕೆ ಗಂಟನ್ನು ತೆಗೆದು ಕಿರಣವನ್ನೂ ಕೊಟ್ಟರು. ೧,೮೫೧ ಸ್ತ್ರೀಯರ ಇಪ್ಪತ್ತು ವರ್ಷಗಳ ಲೆಕ್ಕ ೨೦೦೨ರಲ್ಲಿ ಹೊರಬಂದಿತು. ಗಂಟನ್ನು ಮಾತ್ರ ತೆಗೆದವರಲ್ಲಿ ನೂರಕ್ಕೆ ೩೯ ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿತು. ಕಿರಣವನ್ನೂ ಪಡೆದವರಲ್ಲಿ ೧೪ ಮಂದಿಗೆ. ಬದುಕಿದ್ದವರ ಪ್ರಮಾಣದಲ್ಲಿ ಮಾತ್ರ ಮೂರು ಪಂಗಡಗಳಿಗೂ ಗಣನೀಯವಾದ ಭೇದವಿರಲಿಲ್ಲ. ಇಟಲಿಯ ಮಿಲಾನಿನಲ್ಲಿ ವೆರೊನೇಸಿ ಎಂಬಾತನು ೭೦೧ ಮಂದಿಯಲ್ಲಿ ನಡೆಸಿದ ಪರೀಕ್ಷೆಯ ಫಲವೂ ಅದೇ ವರ್ಷ ಪ್ರಕಟವಾಗಿ, ಸ್ತನವನ್ನು ಉಳಿಸಿಕೊಂಡು ಕಿರಣ ಪಡೆದವರು ದೊಡ್ಡ ಶಸ್ತ್ರಕ್ರಿಯೆಯಾದವರಷ್ಟೇ ಕಾಲ ಬದುಕುತ್ತಾರೆಂಬುದನ್ನು ಸಮರ್ಥಿಸಿತು. ಕೇನ್ಸನ ಊಹೆ ನಿಜವಾಗಿದ್ದಿತು. ಲಕ್ಷಾಂತರ ಸ್ತ್ರೀಯರು ಇಂದು ಸ್ತನವನ್ನು ಕಳೆದುಕೊಳ್ಳದೆ ರೋಗದಿಂದ ಪಾರಾಗುತ್ತಿರುವುದಕ್ಕೆ ಆಧಾರ ಇದೇ.

ಇಲ್ಲಿ ಚುರುಕಾದ ಕೇಳುಗರಿಗೆ ಒಂದು ಸಂದೇಹ ಬಂದಿರಬೇಕು. ಬದುಕುವವರ ಸಂಖ್ಯೆ ಒಂದೇ ಆದರೆ ಕಿರಣದಿಂದ ಬಂದ ಲಾಭವೇನು? ರೋಗ ಮರುಕಳಿಸದಿರುವುದೇ ಒಂದು ದೊಡ್ಡ ಲಾಭ. ಮರುಕಳಿಸಿದರೆ ಮತ್ತೆ ಶಸ್ತ್ರ, ಮತ್ತೆ ಭಯ, ಬಹುವೇಳೆ ಸ್ತನದ ನಷ್ಟ. ಆದರೆ ಇದಕ್ಕಿಂತ ಮಿಗಿಲಾದ ಉತ್ತರ ಆಮೇಲೆ ದೊರೆಯಿತು. ಒಂದು ವರ್ಷದ ಮಳೆಯನ್ನು ಅಳೆದು ಒಂದು ಸೀಮೆಯ ಹವೆಯನ್ನು ಹೇಳಲಾಗದು. ಹಲವು ವರ್ಷಗಳ ಲೆಕ್ಕ ಕೂಡಬೇಕು. ಹಾಗೆಯೇ ಸಣ್ಣ ಭೇದವು ಒಂದೊಂದು ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಇಂಗ್ಲೆಂಡಿನ ಆಕ್ಸ್‌ಫರ್ಡಿನ ವಿದ್ವಾಂಸರು ಹಲವು ದೇಶಗಳ ೧೭ ಪರೀಕ್ಷೆಗಳನ್ನು, ಸ್ತನವನ್ನು ಉಳಿಸಿಕೊಂಡ ೧೦,೮೦೧ ಸ್ತ್ರೀಯರ ಲೆಕ್ಕವನ್ನು, ಒಟ್ಟುಗೂಡಿಸಿ ೨೦೧೧ರಲ್ಲಿ ಪ್ರಕಟಿಸಿದರು. ಹತ್ತು ವರ್ಷಗಳಲ್ಲಿ ರೋಗ ಎಲ್ಲಿಯಾದರೂ ಮರುಕಳಿಸಿದವರು ಕಿರಣವಿಲ್ಲದವರಲ್ಲಿ ನೂರಕ್ಕೆ ೩೫, ಕಿರಣ ಪಡೆದವರಲ್ಲಿ ೧೯. ಹದಿನೈದು ವರ್ಷಗಳಲ್ಲಿ ಈ ರೋಗದಿಂದ ಮೃತರಾದವರು ಕ್ರಮವಾಗಿ ನೂರಕ್ಕೆ ೨೫ ಮತ್ತು ೨೧. ಎಂದರೆ, ಸುಮಾರು ನಾಲ್ಕು ಮರುಕಳಿಕೆಗಳನ್ನು ತಡೆದರೆ ಒಂದು ಪ್ರಾಣ ಉಳಿಯುತ್ತದೆ. ಎದೆಯಲ್ಲಿ ಉಳಿದ ಶೇಷವು ಅಲ್ಲಿಯೇ ಸುಮ್ಮನಿರದೆ, ಕೆಲವರಲ್ಲಿ ಅಲ್ಲಿಂದ ದೂರದ ಅಂಗಗಳಿಗೆ ಬೀಜ ಬಿತ್ತುತ್ತದೆಂಬುದು ಇದರಿಂದ ಸಿದ್ಧವಾಯಿತು.

ನೂರರಲ್ಲಿ ನಾಲ್ವರು ಎಂದರೆ ಅಲ್ಪವೆಂದು ತೋರಬಹುದು. ಆ ನಾಲ್ವರು ಯಾರೆಂದು ಮುಂಚಿತವಾಗಿ ತಿಳಿಯದಿರುವುದರಿಂದಲೇ ನೂರು ಮಂದಿಯೂ ಚಿಕಿತ್ಸೆ ಪಡೆಯಬೇಕಾಗುತ್ತದೆ. ಈ ಮಾತನ್ನು ವೈದ್ಯರು ಬಿಚ್ಚಿ ಹೇಳಿದರೆ ರೋಗಿಗೆ ಅರ್ಥವಾಗದಿರುವುದಿಲ್ಲ.

ಸ್ತನವನ್ನೇ ಪೂರ್ತಿ ತೆಗೆದವರ ವಿಷಯ ಸ್ವಲ್ಪ ಬೇರೆ. ಅಲ್ಲಿ ಶೇಷವಿರುವ ಸಂಭವವನ್ನು ಸೂಚಿಸುವುದು ಮುಖ್ಯವಾಗಿ ಕಂಕುಳಿನ ಗ್ರಂಥಿಗಳು. ೧೯೯೭ರಲ್ಲಿ ಡೆನ್ಮಾರ್ಕ್ ದೇಶದವರು, ರೋಗ ಮುಂದುವರಿದಿದ್ದ, ಇನ್ನೂ ಮುಟ್ಟು ನಿಲ್ಲದ ೧,೭೦೮ ಸ್ತ್ರೀಯರ ಲೆಕ್ಕ ಕೊಟ್ಟರು. ಎಲ್ಲರಿಗೂ ಔಷಧಚಿಕಿತ್ಸೆ ನಡೆದಿದ್ದಿತು. ಹತ್ತು ವರ್ಷಗಳ ಮೇಲೆ, ಎದೆಗೂ ಕಂಕುಳಿನ ಭಾಗಕ್ಕೂ ಕಿರಣ ಪಡೆದವರಲ್ಲಿ ನೂರಕ್ಕೆ ೫೪ ಮಂದಿ, ಪಡೆಯದವರಲ್ಲಿ ೪೫ ಮಂದಿ ಬದುಕಿದ್ದರು. ೨೦೧೪ರಲ್ಲಿ ಆಕ್ಸ್‌ಫರ್ಡಿನವರು ಕೂಡಿಸಿದ ಲೆಕ್ಕದಲ್ಲಿ, ಒಂದರಿಂದ ಮೂರು ಗ್ರಂಥಿಗಳಲ್ಲಿ ರೋಗವಿದ್ದವರಿಗೂ ಇದರಿಂದ ಪ್ರಯೋಜನ ಕಂಡುಬಂದಿತು. ಗ್ರಂಥಿಗಳಲ್ಲಿ ರೋಗವೇ ಇಲ್ಲದೆ ಸ್ತನವನ್ನು ತೆಗೆಸಿಕೊಂಡವರಿಗೆ ಪ್ರಯೋಜನವೇನೂ ಕಾಣಲಿಲ್ಲ. ಇದನ್ನು ಗಮನದಲ್ಲಿಡಬೇಕು, ಎಲ್ಲರಿಗೂ ಒಂದೇ ವಿಧಿ ಸಲ್ಲುವುದಿಲ್ಲ.

ಅಪಕಾರದ ಕಡೆಯನ್ನು ಮರೆಮಾಚಿದರೆ ನ್ಯಾಯವಲ್ಲ. ಹಿಂದಿನ ಕಾಲದ ಯಂತ್ರಗಳಿಂದ ಕಿರಣ ಪಡೆದವರಲ್ಲಿ ಅರ್ಬುದದ ಸಾವು ಕಡಿಮೆಯಾದರೂ ಹೃದ್ರೋಗದ ಸಾವು ಹೆಚ್ಚಿ, ಬಲಗೈಯಿಂದ ಪಡೆದದ್ದನ್ನು ಎಡಗೈಯಿಂದ ತೆತ್ತಂತಾಗಿದ್ದಿತು. ಎಡಭಾಗದ ಸ್ತನದ ಹಿಂದೆಯೇ ಹೃದಯವಿರುವುದು ಇದಕ್ಕೆ ಕಾರಣ. ಹೃದಯಕ್ಕೆ ತಾಕಿದ ಸರಾಸರಿ ಪ್ರಮಾಣವು ಒಂದೊಂದು ಗ್ರೇ ಹೆಚ್ಚಿದಂತೆಲ್ಲ ಹೃದ್ರೋಗದ ಸಂಭವ ನೂರಕ್ಕೆ ಏಳರಷ್ಟು ಏರುತ್ತದೆಂದು ೨೦೧೩ರಲ್ಲಿ ಪ್ರಕಟವಾದ ಶೋಧನೆಯಿಂದ ತಿಳಿಯಿತು. ಧೂಮಪಾನದ ಅಭ್ಯಾಸವಿರುವವರಲ್ಲಿ ಪುಪ್ಪುಸಕ್ಕೂ ಅಪಾಯ ಹೆಚ್ಚು. ಈ ಅರಿವಿನಿಂದ ಕ್ರಮಗಳು ತಿದ್ದುಪಾಟಾಗಿವೆ. ಈಗ ಪ್ರತಿಯೊಬ್ಬಳ ಎದೆಯ ಚಿತ್ರವನ್ನೂ ತೆಗೆದು ಕಿರಣದ ದಾರಿಯನ್ನು ಮೊದಲೇ ಗುಣಿಸಿಡುತ್ತಾರೆ. ಎಡಭಾಗದ ರೋಗವಾದರೆ ಉಸಿರನ್ನು ಆಳವಾಗಿ ಎಳೆದು ಹಿಡಿದಿರಲು ಹೇಳುವುದುಂಟು. ಪುಪ್ಪುಸ ತುಂಬಿಕೊಂಡಾಗ ಹೃದಯವು ಎದೆಯ ಗೋಡೆಯಿಂದ ಹಿಂದಕ್ಕೆ ಸರಿದು ಕಿರಣದ ಹಾದಿಯಿಂದ ತಪ್ಪಿಕೊಳ್ಳುತ್ತದೆ. ನಮ್ಮವರಿಗೆ ಪ್ರಾಣಾಯಾಮದ ಪರಿಚಯವಿರುವುದರಿಂದ ಇದು ಕಷ್ಟವಾಗಲಾರದು.

ಕೆಲವರು ಕಿರಣವನ್ನು ಬಿಟ್ಟರೂ ನಡೆಯುತ್ತದೆಂಬುದೂ ಈಚಿನ ತಿಳಿವಳಿಕೆ. ೬೫ ವರ್ಷ ಮೀರಿದ, ಚಿಕ್ಕ ಗಂಟಿನ, ಗ್ರಂಥಿಗಳಲ್ಲಿ ರೋಗವಿಲ್ಲದ, ಹಾರ್ಮೋನು ಔಷಧಕ್ಕೆ ಬಗ್ಗುವ ರೋಗವಿದ್ದ ೧,೩೨೬ ಸ್ತ್ರೀಯರ ಪರೀಕ್ಷೆಯ ಫಲ ೨೦೨೩ರಲ್ಲಿ ಬಂದಿತು. ಎಲ್ಲರೂ ಗಂಟನ್ನು ತೆಗೆಸಿಕೊಂಡು ಹಾರ್ಮೋನು ಔಷಧವನ್ನು ಪಡೆದವರು. ಹತ್ತು ವರ್ಷಗಳಲ್ಲಿ ಸ್ತನದಲ್ಲಿ ಮರುಕಳಿಕೆ ಕಿರಣವಿಲ್ಲದವರಲ್ಲಿ ನೂರಕ್ಕೆ ಒಂಬತ್ತೂವರೆ, ಕಿರಣ ಪಡೆದವರಲ್ಲಿ ಒಂದಕ್ಕೂ ಕಡಿಮೆ. ಬದುಕಿದ್ದವರು ಮಾತ್ರ ಎರಡು ಕಡೆಯೂ ನೂರಕ್ಕೆ ೮೧ರಷ್ಟು. ಇಂತಹ ವೃದ್ಧೆಯು ಎರಡನ್ನೂ ತೂಗಿ ತನಗೆ ಬೇಕಾದುದನ್ನು ಆರಿಸಬಹುದು. ಸ್ತನವನ್ನು ಪೂರ್ತಿ ತೆಗೆದ, ಮಧ್ಯಮ ಪ್ರಮಾಣದ ಅಪಾಯವಿದ್ದ ೧,೬೦೦ಕ್ಕೂ ಹೆಚ್ಚು ಸ್ತ್ರೀಯರ ಪರೀಕ್ಷೆಯೊಂದು ೨೦೨೫ರಲ್ಲಿ ಪ್ರಕಟವಾಗಿ, ಈಗಿನ ಉತ್ತಮ ಔಷಧಗಳು ಜತೆಗಿದ್ದಾಗ ಅಂಥವರಲ್ಲಿ ಎದೆಯ ಭಾಗಕ್ಕೆ ಕೊಡುವ ಕಿರಣವು ಹತ್ತು ವರ್ಷಗಳ ಆಯುಸ್ಸಿನಲ್ಲಿ ಭೇದವನ್ನುಂಟುಮಾಡಲಿಲ್ಲವೆಂದು ತೋರಿಸಿತು. ಔಷಧವು ಶೇಷವನ್ನು ಹೆಚ್ಚು ಹೆಚ್ಚಾಗಿ ತೊಡೆದಂತೆ, ಕಿರಣಕ್ಕೆ ಉಳಿಯುವ ಕೆಲಸ ಕಡಿಮೆಯಾಗುವುದು ಸಹಜವೇ ಸರಿ.

ಕೊನೆಯದಾಗಿ ದಿನಗಳ ಮಾತು. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಗೆ ನಾಡಿನ ಮೂಲೆಮೂಲೆಗಳಿಂದ ರೋಗಿಗಳು ಬರುತ್ತಾರೆ. ಐದು ವಾರ ಊರು ಬಿಟ್ಟು, ಜತೆಗೊಬ್ಬರನ್ನು ಕರೆದುಕೊಂಡು, ದಿನದ ಕೂಲಿ ಕಳೆದುಕೊಂಡು ನಗರದಲ್ಲಿರುವುದು ಬಡವರಿಗೆ ಸಾಧ್ಯವೇ? ಅರ್ಧಕ್ಕೆ ಬಿಡುವವರಲ್ಲಿ ಎಲ್ಲರನ್ನೂ ಹೆದರಿಕೆಯೊಂದೇ ಹಿಂದಕ್ಕೆಳೆಯುವುದಿಲ್ಲ. ಈ ವಿಷಯದಲ್ಲಿ ಶುಭವಾರ್ತೆಯಿದೆ. ೫೦ ಗ್ರೇ ಪ್ರಮಾಣವನ್ನು ೨೫ ದಿನ ಕೊಡುವುದಕ್ಕೆ ಬದಲಾಗಿ ೪೦ ಗ್ರೇಯನ್ನು ೧೫ ದಿನಗಳಲ್ಲಿ ಕೊಟ್ಟರೆ ಫಲವೇನೂ ಕಡಿಮೆಯಿಲ್ಲವೆಂದು ಇಂಗ್ಲೆಂಡಿನ ಪರೀಕ್ಷೆಗಳಿಂದ ಸ್ಥಿರಪಟ್ಟಿದೆ. ೨೦೨೦ರಲ್ಲಿ ಅಲ್ಲಿಯೇ ೪,೦೯೬ ಮಂದಿಯ ಮತ್ತೊಂದು ಪರೀಕ್ಷೆ, ೨೬ ಗ್ರೇಯನ್ನು ಐದೇ ದಿನಗಳಲ್ಲಿ ಕೊಟ್ಟರೂ ಐದು ವರ್ಷಗಳ ಫಲ ಮೂರು ವಾರದ ಕ್ರಮಕ್ಕೆ ಕಡಿಮೆಯಾಗಲಿಲ್ಲವೆಂದು ತೋರಿಸಿತು. ಐದು ವಾರಕ್ಕೂ ಒಂದು ವಾರಕ್ಕೂ ಇರುವ ಅಂತರವು ಹಳ್ಳಿಯ ಒಬ್ಬ ತಾಯಿಗೆ ಚಿಕಿತ್ಸೆ ಪೂರೈಸುವುದಕ್ಕೂ ಬಿಡುವುದಕ್ಕೂ ಇರುವ ಅಂತರವಾಗಬಹುದು. ಯಾರಿಗೆ ಯಾವ ಕ್ರಮ ತಕ್ಕದ್ದೆಂಬುದನ್ನು ವೈದ್ಯರು ನಿರ್ಣಯಿಸಬೇಕು. ಕಡಿಮೆ ದಿನಗಳ ಕ್ರಮ ತನಗೆ ಸಲ್ಲುತ್ತದೆಯೇ ಎಂದು ಕೇಳುವುದಕ್ಕೆ ರೋಗಿ ಸಂಕೋಚಪಡಬೇಕಾಗಿಲ್ಲ.

ಇಂತಹ ಚೀಟಿ ನಮ್ಮ ಮನೆಗಳಲ್ಲಿ ಯಾರಿಗಾದರೂ ಬಂದರೆ, ನೆಂಟರ ಮಾತಿನಿಂದ ಅದನ್ನು ಮಡಿಸಿಡದೆ ವೈದ್ಯರಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಗ್ರಂಥಿಗಳಲ್ಲಿ ರೋಗವಿದ್ದಿತೇ, ಎಷ್ಟರಲ್ಲಿ? ಕಿರಣವನ್ನು ಬಿಟ್ಟರೆ ನನ್ನಂಥ ನೂರು ಮಂದಿಯಲ್ಲಿ ಎಷ್ಟು ಜನಕ್ಕೆ ಮರುಕಳಿಸೀತು, ತೆಗೆದುಕೊಂಡರೆ ಎಷ್ಟು ಜನಕ್ಕೆ? ಹೃದಯವನ್ನು ಕಾಪಾಡುವ ಏರ್ಪಾಡೇನು? ಎಷ್ಟು ದಿನ ಬರಬೇಕು? ಈ ನಾಲ್ಕಕ್ಕೆ ಉತ್ತರ ಸಿಕ್ಕಿದರೆ ಹೆದರಿಕೆಯ ಬಹುಭಾಗ ತಾನಾಗಿ ಇಳಿಯುತ್ತದೆ. ಹೋಗಬೇಕೆಂದು ನಿಶ್ಚಯವಾದರೆ, ಮೈ ಹಗುರಾಗಿದೆಯೆಂದು ನಡುವೆ ನಿಲ್ಲಿಸದೆ ಕೊನೆಯ ದಿನದವರೆಗೂ ಹೋಗತಕ್ಕದ್ದು. ಮೈ ಹಗುರಾಗಿರುವುದು ಕಂಡ ರೋಗ ಹೋದುದರ ಗುರುತು ಮಾತ್ರ. ಆಕೆ ಆಸ್ಪತ್ರೆಗೆ ನಡೆಯುತ್ತಿರುವುದು ಕಾಣದೆ ಉಳಿದಿರಬಹುದಾದ ಶೇಷಕ್ಕಾಗಿ. ಆ ಕೆಲವು ದಿನ ಆಕೆಯ ಅಡಿಗೆಯ ಹೊರೆಯನ್ನೂ ಮಕ್ಕಳ ಹೊರೆಯನ್ನೂ ಮನೆಯವರು ಹೊತ್ತುಕೊಂಡರೆ, ಆ ಚಿಕಿತ್ಸೆಯಲ್ಲಿ ಅವರದೂ ಒಂದು ಪಾಲಾಯಿತೆಂದು ತಿಳಿಯಬಹುದು.